ಕ್ಯಾನ್ಸರ್ ಅಂಟುತ್ತದೆಯೇ? ಪ್ಯಾಪ್ ಟೆಸ್ಟ್‌ಗೆ ಹೆಸರು ಕೊಟ್ಟ ವೈದ್ಯ ಮತ್ತು ಅವರ ಹೆಂಡತಿಯ ಕಥೆ

ನಮಗೆ ಬಂದ ಫಾರ್ವರ್ಡ್‌ಗಳಲ್ಲಿ ಒಂದು ನಂಜನಗೂಡಿನ ಕಡೆಯ ಸ್ತ್ರೀಶಕ್ತಿ ಸಂಘದ ವಾಟ್ಸ್ಆ್ಯಪ್ ಗುಂಪಿನಿಂದ ಬಂದದ್ದು. ಗರ್ಭಕಂಠದ ಕ್ಯಾನ್ಸರ್ ವೈರಸ್‌ನಿಂದ ಬರುತ್ತದೆ, ಹಾಗಾಗಿ ಅದು ಅಂಟುರೋಗ, ರೋಗಿಯ ತಟ್ಟೆ, ಲೋಟ, ಬಟ್ಟೆ ಬೇರೆ ಇಡಿ ಎಂದು ಅದರಲ್ಲಿತ್ತು. ಕೊನೆಯಲ್ಲಿ ಹತ್ತು ಜನರಿಗೆ ಕಳಿಸಿ ಎಂಬ ಮಾಮೂಲಿ ಸಾಲು.

ಅದೇ ಫಾರ್ವರ್ಡ್ ಓದಿದ ತಿ. ನರಸೀಪುರ ಕಡೆಯ ಓದುಗರೊಬ್ಬರು ನಮಗೊಂದು ಪ್ರಶ್ನೆ ಕಳಿಸಿದರು. ಅವರ ಅತ್ತೆಗೆ ಈ ಕ್ಯಾನ್ಸರ್ ಇದೆ ಎಂದು ಮೈಸೂರಿನಲ್ಲಿ ಗೊತ್ತಾಗಿ ಒಂದು ತಿಂಗಳಾಗಿತ್ತು. ಅಂದಿನಿಂದ ಅತ್ತೆ ತಮ್ಮ ತಟ್ಟೆಯನ್ನು ತಾವೇ ಹಿತ್ತಲಲ್ಲಿ ತೊಳೆದು ಬೇರೆ ಇಡುತ್ತಿದ್ದಾರೆ. ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನೂ ಬಿಟ್ಟಿದ್ದಾರೆ. ಇದು ಬೇಕೇ ಎಂಬುದು ಅವರ ಪ್ರಶ್ನೆ.

ಬೇಡ. ಆದರೆ ಈ ಫಾರ್ವರ್ಡ್ ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗಿರುತ್ತಿತ್ತು. ಅದರ ಮೊದಲ ಅರ್ಧ ನಿಜ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೆಲವು ಕ್ಯಾನ್ಸರ್‌ಗಳಿಗೆ ದಾರಿ ಮಾಡಿಕೊಡುವ ಸೋಂಕು ಮಾತ್ರ ಅಂಟುತ್ತದೆ. ಸೋಂಕಿಗೂ ಕ್ಯಾನ್ಸರ್‌ಗೂ ನಡುವೆ ಹತ್ತಾರು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡುವ ದಾರಿ ತೋರಿಸಿದವರ ಹೆಸರಿನ ಮೊದಲ ಅಕ್ಷರಗಳು ಇವತ್ತಿಗೂ ಲ್ಯಾಬ್ ಚೀಟಿಗಳ ಮೇಲಿವೆ: ಪ್ಯಾಪ್.

ನಂಜನಗೂಡಿನವರಿಗೆ ನಂಜು ಎಂಬ ಪದ ಹೊಸದಲ್ಲ. ಊರಿನ ಹೆಸರೇ ನಂಜುಂಡನಿಂದ ಬಂದದ್ದು. ವಿಷ ಕುಡಿದು ಅದನ್ನು ಗಂಟಲಿನಿಂದ ಕೆಳಗಿಳಿಯಗೊಡದ ಶಿವನೇ ಅಲ್ಲಿನ ಶ್ರೀಕಂಠೇಶ್ವರ. ಗಾಯ ಕೀವುಗಟ್ಟಿದರೂ ನಾವು ನಂಜಾಗಿದೆ ಅನ್ನುತ್ತೇವೆ. ವೈರಸ್ ಎಂಬ ಲ್ಯಾಟಿನ್ ಪದದ ಮೂಲ ಅರ್ಥವೂ ವಿಷ ಎಂದೇ. ಗರ್ಭಕಂಠ ಅಂದರೆ ಗರ್ಭಕೋಶದ ಕತ್ತು. ಈ ಕಾಯಿಲೆಯಲ್ಲಿ ನಂಜು ಆ ಕತ್ತಿನಲ್ಲೇ ವರ್ಷಗಟ್ಟಲೆ ನಿಂತಿರುತ್ತದೆ, ಕೆಳಗೂ ಇಳಿಯದೆ ಮೇಲಕ್ಕೂ ಏರದೆ. ಹಾಗೆ ನಿಂತಿರುವಾಗಲೇ ಅದು ಹಿಡಿಯಲು ಸಿಗುತ್ತದೆ.

ಜಮಖಾನೆ ಮಾರಿದ ಡಾಕ್ಟರು

ಜಾರ್ಜ್ ಪಾಪನಿಕೊಲಾವು ಹುಟ್ಟಿದ್ದು 1883ರ ಮೇ 13ರಂದು, ಗ್ರೀಸ್ ದೇಶದ ಯೂಬಿಯಾ ದ್ವೀಪದ ಕಿಮಿ ಎಂಬ ಊರಿನಲ್ಲಿ. ಅಪ್ಪ ನಿಕೊಲಾಸ್ ಊರಿನ ಡಾಕ್ಟರು, ಊರಿನ ಆಡಳಿತದಲ್ಲೂ ಮುಂದಾಳು. ಅಮ್ಮನಿಗೆ ಸಂಗೀತ, ಸಾಹಿತ್ಯದಲ್ಲಿ ಆಸಕ್ತಿ. ಮಗ ಪಿಟೀಲು ಕಲಿತರು, ಹದಿನೈದನೇ ವಯಸ್ಸಿಗೇ ಅಥೆನ್ಸ್ ವಿಶ್ವವಿದ್ಯಾಲಯ ಸೇರಿದರು, 1904ರಲ್ಲಿ ವೈದ್ಯ ಪದವಿ ಪಡೆದರು. ಡಾಕ್ಟರ ಮಗ ಡಾಕ್ಟರಾದರೆ ಅಪ್ಪನ ಕ್ಲಿನಿಕ್‌ನಲ್ಲಿ ಇನ್ನೊಂದು ಕುರ್ಚಿ ಹಾಕುವುದು ನಮ್ಮ ಊರುಗಳಲ್ಲೂ ಇರುವ ರೂಢಿ. ಆ ಮನೆಯಲ್ಲೂ ಅದೇ ನಿರೀಕ್ಷೆಯಿತ್ತು. ಆದರೆ ಮಗನಿಗೆ ರೋಗಿಗಳಿಗಿಂತ ಪ್ರಯೋಗಾಲಯದ ಹುಚ್ಚು. ಸೇನೆಯಲ್ಲಿ ಕಡ್ಡಾಯ ಸೇವೆ ಮುಗಿಸಿ ಜರ್ಮನಿಗೆ ಹೋದರು. 1910ರಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಸಿಕ್ಕಿತು. ವಿಷಯ, ಕೆರೆ ನೀರಿನಲ್ಲಿ ಕುಪ್ಪಳಿಸುವ ಡ್ಯಾಫ್ನಿಯಾ ಎಂಬ ಪುಟ್ಟ ಜೀವಿಯಲ್ಲಿ ಗಂಡು ಹೆಣ್ಣು ಹೇಗೆ ನಿರ್ಧಾರವಾಗುತ್ತದೆ ಎಂಬುದು. ಮನೆಯವರಿಗೆ ಇದನ್ನು ಹೇಗೆ ವಿವರಿಸಿದರೋ!

ಅದೇ ವರ್ಷ ಅವರು ಸೇನಾಧಿಕಾರಿಯೊಬ್ಬರ ಮಗಳು ಆಂಡ್ರೊಮಾಕಿಯನ್ನು ಮದುವೆಯಾದರು. ಮುಂದೆ ಅಮೆರಿಕದಲ್ಲಿ ಎಲ್ಲರೂ ಆಕೆಯನ್ನು ಮೇರಿ ಎಂದು ಕರೆದರು. ಮೊನಾಕೊದಲ್ಲಿ ಸ್ವಲ್ಪ ಕಾಲ ಸಮುದ್ರ ಜೀವಿಗಳ ಅಧ್ಯಯನ, ಆಮೇಲೆ 1912ರ ಬಾಲ್ಕನ್ ಯುದ್ಧದಲ್ಲಿ ಸೇನಾ ವೈದ್ಯನ ಕೆಲಸ. ಯುದ್ಧದಲ್ಲಿ ಜೊತೆಗಿದ್ದ, ಅಮೆರಿಕದಿಂದ ಬಂದಿದ್ದ ಗ್ರೀಕರ ಮಾತು ಕೇಳಿ ಆ ದೇಶಕ್ಕೆ ಹೋಗುವ ಮನಸ್ಸಾಯಿತು. 1913ರ ಅಕ್ಟೋಬರ್‌ನಲ್ಲಿ ಗಂಡ ಹೆಂಡತಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಕೈಯಲ್ಲಿ ಸುಮಾರು 250 ಡಾಲರ್ ಇತ್ತು, ಇಂಗ್ಲಿಷ್ ಇಬ್ಬರಿಗೂ ಬರುತ್ತಿರಲಿಲ್ಲ.

ಎರಡು ಪದವಿಗಳ ಮನುಷ್ಯ ದೊಡ್ಡ ಅಂಗಡಿಯೊಂದರಲ್ಲಿ ಜಮಖಾನೆ ಮಾರಲು ನಿಂತರು. ಹೆಂಡತಿ ಅದೇ ಅಂಗಡಿಯಲ್ಲಿ ಗುಂಡಿ ಹೊಲಿದರು. ಸಂಜೆ ಹೋಟೆಲಿನಲ್ಲಿ ಪಿಟೀಲು ನುಡಿಸಿದ್ದೂ ಉಂಟು, ಗ್ರೀಕ್ ಪತ್ರಿಕೆಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ್ದೂ ಉಂಟು. ಕೊನೆಗೆ ಅವರ ಜರ್ಮನಿಯ ಕೆಲಸದ ಬಗ್ಗೆ ತಿಳಿದಿದ್ದ ವಿಜ್ಞಾನಿಯೊಬ್ಬರ ಶಿಫಾರಸಿನಿಂದ ಕೆಲಸ ಸಿಕ್ಕಿತು. 1914ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗ ಸೇರಿದರು. ಮೇರಿಯೂ ಅಲ್ಲಿಗೇ ಬಂದರು, ಗಂಡನ ಸಹಾಯಕಿಯಾಗಿ. ಬಹುಪಾಲು ಸಂಬಳವಿಲ್ಲದೆ.

ಅಲ್ಲಿ ಅವರ ಕೆಲಸ ಗಿನಿಪಿಗ್‌ಗಳ ಅಂಡಾಣುಗಳ ಮೇಲೆ. ಅಂಡಾಣು ಯಾವ ದಿನ ಬಿಡುಗಡೆಯಾಗುತ್ತದೆ ಎಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ತಿಳಿಯಲು ಪ್ರಾಣಿಯನ್ನು ಕೊಂದು ನೋಡಬೇಕಿತ್ತು, ಅದೂ ಹೆಚ್ಚಿನ ಸಲ ತಪ್ಪು ದಿನವಾಗಿರುತ್ತಿತ್ತು. ಪಾಪನಿಕೊಲಾವು ಬೇರೆ ರೀತಿ ಯೋಚಿಸಿದರು. ಹೆಣ್ಣು ಪ್ರಾಣಿಗಳಿಗೆಲ್ಲ ಒಂದು ಋತುಚಕ್ರ ಇರಲೇಬೇಕು, ಅದರ ಗುರುತು ಯೋನಿಸ್ರಾವದಲ್ಲಿ ಸಿಗಬೇಕು. ಮೂಗು ಪರೀಕ್ಷಿಸುವ ಪುಟ್ಟ ಉಪಕರಣವೊಂದನ್ನು ಕೊಂಡು ತಂದು, ಗಿನಿಪಿಗ್‌ಗಳಿಂದ ದಿನಾ ಒಂದು ಹನಿ ಸ್ರಾವ ತೆಗೆದು, ಸ್ಲೈಡಿನ ಮೇಲೆ ಸವರಿ ಮೈಕ್ರೊಸ್ಕೋಪಿನಲ್ಲಿ ನೋಡಿದರು. ಕಣ್ಣಿಗೆ ಏನೂ ಕಾಣದ ಆ ಹನಿಯಲ್ಲಿ ಕೋಶಗಳು ದಿನದಿನಕ್ಕೂ ರೂಪ ಬದಲಿಸುತ್ತಿದ್ದವು. 1917ರಲ್ಲಿ ತಮ್ಮ ಮೇಲಧಿಕಾರಿ ಚಾರ್ಲ್ಸ್ ಸ್ಟಾಕಾರ್ಡ್ ಜೊತೆ ಇದನ್ನು ಪ್ರಕಟಿಸಿದರು.

ಇಪ್ಪತ್ತು ವರ್ಷ, ದಿನಕ್ಕೊಂದು ಸ್ಲೈಡ್

ಗಿನಿಪಿಗ್‌ನಲ್ಲಿ ಕಂಡದ್ದು ಹೆಂಗಸರಲ್ಲೂ ಕಾಣುತ್ತದೆಯೇ? ನೋಡಲು ಯಾರಾದರೂ ದಿನಾ ಮಾದರಿ ಕೊಡಬೇಕು. 1910ರ ದಶಕದ ಕೊನೆಯಲ್ಲಿ, ಯಾವ ದೇಶದಲ್ಲೇ ಆಗಲಿ, ಇದನ್ನು ಯಾರ ಬಳಿ ಕೇಳುವುದು? ಮೇರಿ ಒಪ್ಪಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಹೆಚ್ಚುಕಡಿಮೆ ಪ್ರತಿದಿನ ತಮ್ಮ ಸ್ರಾವದ ಮಾದರಿ ಕೊಟ್ಟರು, ಬೆಳಿಗ್ಗೆ ಗಂಡನ ಜೊತೆ ಲ್ಯಾಬಿಗೆ ಹೋಗಿ ಇತರರ ಸ್ಲೈಡುಗಳಿಗೆ ಬಣ್ಣ ಹಚ್ಚಿದರು, ಲೆಕ್ಕ ಬರೆದರು, ಸಂಜೆ ಮನೆಯನ್ನೂ ನೋಡಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ.

ಇದನ್ನು ಓದುವಾಗ ನಮಗೆ ಎರಡು ಮನಸ್ಸಾಯಿತು ಎಂದು ಒಪ್ಪಿಕೊಳ್ಳುತ್ತೇವೆ. ಪರೀಕ್ಷೆಗೆ ಗಂಡನ ಹೆಸರು ಬಂತು. ಹೆಂಡತಿಯ ಹೆಸರು ತಿಳಿದವರು ಕಡಿಮೆ. ಆದರೆ ಇನ್ನೊಂದು ಕೆಲಸಕ್ಕೆ ಈ ವಿವರ ಬಹಳ ಉಪಯೋಗಿ. ಒಳಗೆ ಕೆದಕಿದರೆ ಇಲ್ಲದ ಕ್ಯಾನ್ಸರ್ ಎದ್ದು ಕೂರುತ್ತದೆ ಎಂದು ಹೇಳುವ ಫಾರ್ವರ್ಡ್ ಒಂದಿದೆಯಲ್ಲ, ಅದಕ್ಕೆ ಮೇರಿಗಿಂತ ಒಳ್ಳೆಯ ಉತ್ತರ ನಮಗೆ ಸಿಗಲಿಲ್ಲ. ಪ್ಯಾಪ್ ಟೆಸ್ಟ್‌ನಲ್ಲಿ ಏನನ್ನೂ ಕತ್ತರಿಸುವುದಿಲ್ಲ. ಮೈ ತಿಕ್ಕಿದರೆ ಚರ್ಮದ ಸತ್ತ ಪದರ ಬರುವ ಹಾಗೆ, ಗರ್ಭಕಂಠದ ಮೇಲ್ಪದರದ ಕೋಶಗಳನ್ನು ಸಣ್ಣ ಬ್ರಷ್‌ನಿಂದ ಸವರಿ ತೆಗೆಯುತ್ತಾರೆ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ್ದಕ್ಕೆ ನಾವು ಹೆದರುತ್ತೇವೆ. ಸಾವಿರಾರು ಸಲ ಮಾದರಿ ಕೊಟ್ಟ ಮೇರಿ 1982ರವರೆಗೆ ಬದುಕಿದ್ದರು.

1925ರ ಹೊತ್ತಿಗೆ ನ್ಯೂಯಾರ್ಕಿನ ಮಹಿಳಾ ಆಸ್ಪತ್ರೆಯೊಂದರಲ್ಲಿ ಬೇರೆ ಹೆಂಗಸರ ಮಾದರಿಗಳೂ ಸಿಗತೊಡಗಿದವು. ಅವರಲ್ಲಿ ಕ್ಯಾನ್ಸರ್ ಇದ್ದ ಒಬ್ಬರ ಸ್ಲೈಡ್ ನೋಡಿದಾಗ ಪಾಪನಿಕೊಲಾವು ಬೆರಗಾದರು. ಅಳತೆ ತಪ್ಪಿದ, ನಡುವಿನ ಬೀಜ ಉಬ್ಬಿ ಕಪ್ಪಾದ ಕೋಶಗಳು ಆ ಹನಿಯಲ್ಲಿ ತಾವಾಗಿಯೇ ಬಂದು ಬಿದ್ದಿದ್ದವು. ಗಡ್ಡೆಯನ್ನು ಕತ್ತರಿಸದೆಯೇ ಕ್ಯಾನ್ಸರ್ ಕಾಣುತ್ತಿತ್ತು.

1928ರ ಜನವರಿಯಲ್ಲಿ ಇದನ್ನು ಅಮೆರಿಕದ ಬ್ಯಾಟಲ್ ಕ್ರೀಕ್ ಊರಿನಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದರು. ಅದು ಜನಾಂಗ ಸುಧಾರಣೆ ಎಂಬ ಹೆಸರಿನ, ಇಂದು ನಾವು ಯಾರೂ ಒಪ್ಪದ ವಿಚಾರದ ಸಮ್ಮೇಳನ. ಪ್ರಬಂಧ ತಪ್ಪುಗಳೊಂದಿಗೆ ಅಚ್ಚಾಯಿತು. ರೋಗಶಾಸ್ತ್ರಜ್ಞರು ಕಿವಿಗೆ ಹಾಕಿಕೊಳ್ಳಲಿಲ್ಲ. ಗಡ್ಡೆಯ ತುಂಡು ತೆಗೆದು ನೋಡುವ ಬಯಾಪ್ಸಿ ಇರುವಾಗ ಈ ಹನಿ ಯಾತಕ್ಕೆ ಎಂಬುದು ಅವರ ವಾದ. ಅದೇ ಸಮಯಕ್ಕೆ ರೊಮೇನಿಯಾದ ಔರೆಲ್ ಬಾಬೆಶ್ ಎಂಬ ವೈದ್ಯರೂ ಸ್ವತಂತ್ರವಾಗಿ ಇಂಥದೇ ವಿಧಾನ ಕಂಡುಹಿಡಿದಿದ್ದರು. ಅವರ ಮಾತೂ ಹೆಚ್ಚು ಜನರಿಗೆ ಕೇಳಲಿಲ್ಲ.

ಸೋಂಕಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತಿಗೂ ಆಗ ಒಳ್ಳೆಯ ಕಾಲವಲ್ಲ. 1911ರಲ್ಲಿ ನ್ಯೂಯಾರ್ಕಿನಲ್ಲೇ ಪೇಟನ್ ರೌಸ್ ಎಂಬವರು ಕೋಳಿಯ ಗಡ್ಡೆಯೊಂದು ವೈರಸ್‌ನಿಂದ ಬರುತ್ತದೆ ಎಂದು ತೋರಿಸಿದ್ದರು. ಜನ ನಂಬಲಿಲ್ಲ, ನೊಬೆಲ್ ಬರುವಾಗ 1966, ಅವರಿಗೆ 87 ವರ್ಷ. ಇತ್ತ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಅವರಿಗೆ ಇಲಿಗಳಲ್ಲಿ ಹುಳುವಿನಿಂದ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿದ್ದಕ್ಕೆ 1926ರ ನೊಬೆಲ್ ಬಂತು, ಅದು ಆಮೇಲೆ ತಪ್ಪೆಂದು ಗೊತ್ತಾಯಿತು. ಸರಿಯಾದದ್ದಕ್ಕೆ 55 ವರ್ಷ ಕಾಯಿಸಿ ತಪ್ಪಾದದ್ದಕ್ಕೆ ಬೇಗ ಬಹುಮಾನ. ಫಾರ್ವರ್ಡ್‌ಗಳು ಮಾತ್ರ ಹೀಗೆ ಮಾಡುತ್ತವೆ ಎಂದುಕೊಂಡಿದ್ದೆವು.

ಪಾಪನಿಕೊಲಾವು ಜಗಳವಾಡಲಿಲ್ಲ, ಹತ್ತು ವರ್ಷ ಸುಮ್ಮನೆ ಬೇರೆ ಕೆಲಸ ಮಾಡಿದರು. 1939ರ ಹೊತ್ತಿಗೆ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದು ಹಳೆಯ ಕೆಲಸ ಮತ್ತೆ ಎತ್ತಿಕೊಳ್ಳಲು ಬೆಂಬಲ ಕೊಟ್ಟರು. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರೌಟ್ ಜೊತೆಯಾದರು. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಯಾವ ಕಾರಣಕ್ಕೆ ಬಂದ ಹೆಂಗಸಾದರೂ ಸರಿ, ಒಂದು ಸ್ಲೈಡ್ ತೆಗೆಯುವುದೆಂದು ನಿರ್ಧಾರವಾಯಿತು. ಆಗ ಹೊರಬಿದ್ದ ಸಂಗತಿ ದೊಡ್ಡದು. ಯಾವ ನೋವೂ ಇಲ್ಲದ, ಕಣ್ಣಿಗೆ ಆರೋಗ್ಯವಾಗಿ ಕಾಣುವ ಗರ್ಭಕಂಠದ ಹೆಂಗಸರಲ್ಲೂ ಕ್ಯಾನ್ಸರ್ ಕೋಶಗಳಿದ್ದವು. ಇನ್ನೂ ಕೆಲವರಲ್ಲಿ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಕೋಶಗಳು ಹಾದಿ ತಪ್ಪತೊಡಗಿದ್ದವು. 1941ರಲ್ಲಿ ಲೇಖನ, 1943ರಲ್ಲಿ ಪುಸ್ತಕ. ಕಲಾವಿದ ಹಾಶಿಮೆ ಮುರಯಾಮ ಬರೆದ ಕೋಶಗಳ ಬಣ್ಣದ ಚಿತ್ರಗಳಿಂದಲೇ ಎಷ್ಟೋ ವೈದ್ಯರು ಆ ಕೋಶಗಳನ್ನು ಗುರುತಿಸಲು ಕಲಿತರು.

ಆಮೇಲಿನದ್ದು ಬೇಗ ನಡೆಯಿತು. ತರಬೇತಿ ಕೇಂದ್ರಗಳಾದವು, 1950ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, ನೊಬೆಲ್ ಬರಲಿಲ್ಲ. ಪರೀಕ್ಷೆ ಕ್ರಮವಾಗಿ ನಡೆದ ದೇಶಗಳಲ್ಲಿ ಈ ಕ್ಯಾನ್ಸರ್‌ನ ಸಾವುಗಳು ಕೆಲವು ದಶಕಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ರಜೆ ಎಂದರೆ ಅರಿಯದ ಪಾಪನಿಕೊಲಾವು 1961ರ ಕೊನೆಗೆ ಮಯಾಮಿಯ ಕ್ಯಾನ್ಸರ್ ಸಂಸ್ಥೆಯನ್ನು ಕಟ್ಟಲು ಹೊರಟರು. ಹೋಗಿ ಕೆಲವೇ ತಿಂಗಳಲ್ಲಿ, 1962ರ ಫೆಬ್ರವರಿ 19ರಂದು ಹೃದಯಾಘಾತದಿಂದ ತೀರಿಕೊಂಡರು. ಗ್ರೀಸ್ ಮುಂದೆ ತನ್ನ 10,000 ಡ್ರಾಕ್ಮಾ ನೋಟಿನ ಮೇಲೆ ಅವರ ಚಿತ್ರ ಅಚ್ಚು ಹಾಕಿತು.

ಹೆಜ್ಜೆ ಗುರುತು ಕಂಡಿತ್ತು, ಕಳ್ಳ ಸಿಕ್ಕಿರಲಿಲ್ಲ

ತಾವು ಜೀವನವಿಡೀ ನೋಡಿದ್ದು ಒಂದು ಸೋಂಕಿನ ಹೆಜ್ಜೆ ಗುರುತು ಎಂಬುದು ಪಾಪನಿಕೊಲಾವು ಅವರಿಗೆ ಗೊತ್ತಿರಲಿಲ್ಲ. ಇಟಲಿಯ ರಿಗೋನಿ ಸ್ಟೆರ್ನ್ ಎಂಬ ವೈದ್ಯರು 1842ರಲ್ಲೇ ಸಾವಿನ ದಾಖಲೆ ಲೆಕ್ಕ ಹಾಕಿ, ಗರ್ಭಕೋಶದ ಕ್ಯಾನ್ಸರ್ ಮದುವೆಯಾದವರಲ್ಲಿ ಹೆಚ್ಚು, ಕ್ರೈಸ್ತ ಸನ್ಯಾಸಿನಿಯರಲ್ಲಿ ಅಪರೂಪ ಎಂದು ತೋರಿಸಿದ್ದರು. ದೈಹಿಕ ಸಂಪರ್ಕದಿಂದ ಏನೋ ದಾಟುತ್ತಿದೆ ಎಂಬ ಅನುಮಾನ ಅಂದಿನದು. ಆ ಏನೋ ಯಾವುದೆಂದು ಸಿಕ್ಕಿದ್ದು 1983ರಲ್ಲಿ, ಮೇರಿ ತೀರಿಕೊಂಡ ಮರುವರ್ಷ. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರ ತಂಡ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ 16ನೇ ಬಗೆಯನ್ನು ಈ ಕ್ಯಾನ್ಸರ್ ಗಡ್ಡೆಗಳಲ್ಲಿ ಹಿಡಿಯಿತು, ಮರುವರ್ಷ 18ನೇ ಬಗೆಯನ್ನು. ಇವರಿಗೆ 2008ರಲ್ಲಿ ನೊಬೆಲ್ ಸಿಕ್ಕಿತು. ಎಚ್‌ಪಿವಿ ಎಂದು ಕರೆಯುವ ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ನೂರಕ್ಕೆ ಸುಮಾರು 70ಕ್ಕೆ ಈ ಎರಡೇ ಕಾರಣ.

ಇಲ್ಲಿ ಒಂದು ಮಾತು ನಿಧಾನವಾಗಿ ಓದಿ. ಮನೆಗಳು ಒಡೆಯುವುದು ಇದನ್ನು ತಪ್ಪಾಗಿ ತಿಳಿಯುವುದರಿಂದ. ಎಚ್‌ಪಿವಿ ನೆಗಡಿಯಷ್ಟು ಸಾಮಾನ್ಯ. ದಾಂಪತ್ಯ ಜೀವನ ನಡೆಸಿದ ಬಹುಪಾಲು ಹೆಂಗಸರಿಗೂ ಗಂಡಸರಿಗೂ ಯಾವಾಗಲೋ ಒಮ್ಮೆ ತಗುಲಿರುತ್ತದೆ, ಯಾರಿಗೂ ಗೊತ್ತಾಗದೆ ಹೋಗಿಬಿಟ್ಟಿರುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹವೇ ಎರಡು ವರ್ಷದೊಳಗೆ ಹೊರಹಾಕುತ್ತದೆ. ಜೀವನದಲ್ಲಿ ಒಬ್ಬರೇ ಸಂಗಾತಿ ಇದ್ದರೂ ಬರಬಹುದು, ಇಪ್ಪತ್ತು ವರ್ಷದ ಹಿಂದೆಯೇ ಬಂದಿರಬಹುದು. ಯಾರಿಂದ, ಯಾವಾಗ ಎಂದು ಯಾವ ಲ್ಯಾಬೂ ಹೇಳಲಾರದು. ಹೀಗಾಗಿ ಈ ಕ್ಯಾನ್ಸರ್ ಬಂದ ಹೆಂಗಸಿನ ನಡತೆಯ ಮೇಲಾಗಲಿ, ಗಂಡನ ನಡತೆಯ ಮೇಲಾಗಲಿ ತೀರ್ಪು ಕೊಡುವ ಫಾರ್ವರ್ಡ್ ಕಂಡರೆ ಅಲ್ಲೇ ಅಳಿಸಿಹಾಕಿ.

ಹೊರಹೋಗದೆ ಉಳಿದ ಸೋಂಕು ಮಾತ್ರ ಅಪಾಯ. ಅದು ಗರ್ಭಕಂಠದ ಕೋಶಗಳನ್ನು ನಿಧಾನವಾಗಿ ಕೆಡಿಸಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಸಿಗದವರಲ್ಲಿ ಇದು 5ರಿಂದ 10 ವರ್ಷಕ್ಕೆ ಇಳಿಯುತ್ತದೆ. ಇಷ್ಟು ಸಮಯ ಕೊಟ್ಟೂ ಕೊಲ್ಲುವ ಕಾಯಿಲೆ ಬೇರೆ ಯಾವುದಿದೆ ಎಂದು ನಮಗೆ ಥಟ್ಟನೆ ಹೊಳೆಯುತ್ತಿಲ್ಲ. ಆದರೂ 2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಬಂತು, ಸುಮಾರು 80 ಸಾವಿರ ಮಂದಿ ಸತ್ತರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ.

ಲಸಿಕೆಯ ಫಾರ್ವರ್ಡ್‌ಗಳು

ವೈರಸ್ ಗೊತ್ತಾದ ಮೇಲೆ ಲಸಿಕೆ ಬಂತು, 2006ರಲ್ಲಿ. ಭಾರತದ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು. ಇದರಿಂದ ಬಂಜೆತನ ಬರುತ್ತದೆ ಎಂಬ ಫಾರ್ವರ್ಡ್ ನಮಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಈ ಲಸಿಕೆಯಲ್ಲಿ ವೈರಸ್ಸೇ ಇಲ್ಲ, ಅದರ ಹೊರಕವಚದಂಥ ಖಾಲಿ ಚಿಪ್ಪು ಮಾತ್ರ. ಬಂಜೆತನಕ್ಕೂ ಇದಕ್ಕೂ ನಂಟು ಯಾವ ದೊಡ್ಡ ಅಧ್ಯಯನದಲ್ಲೂ ಕಂಡಿಲ್ಲ. ಕಂಡದ್ದು ಬೇರೆ: ಸ್ವೀಡನ್‌ನಲ್ಲಿ 17 ವರ್ಷಕ್ಕೆ ಮೊದಲು ಹಾಕಿಸಿಕೊಂಡವರಲ್ಲಿ ಗರ್ಭಕಂಠದ ಕ್ಯಾನ್ಸರ್ 88 ಶೇಕಡಾ ಕಡಿಮೆ ಎಂದು 2020ರಲ್ಲಿ ವರದಿಯಾಯಿತು.

ಇನ್ನೊಂದು ಫಾರ್ವರ್ಡ್ ನಿಜವಾದ ಘಟನೆಯನ್ನೇ ಹಿಡಿದು ಬರುತ್ತದೆ. ಆಂಧ್ರದ ಖಮ್ಮಂ (ಈಗ ತೆಲಂಗಾಣ) ಮತ್ತು ಗುಜರಾತಿನ ವಡೋದರಾದಲ್ಲಿ ನಡೆಯುತ್ತಿದ್ದ ಲಸಿಕಾ ಯೋಜನೆಯನ್ನು 2010ರಲ್ಲಿ ಸರ್ಕಾರ ನಿಲ್ಲಿಸಿತ್ತು, ಲಸಿಕೆ ಪಡೆದ ಏಳು ಹುಡುಗಿಯರು ಸತ್ತಿದ್ದರು. ತನಿಖೆಯಲ್ಲಿ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ನೀರಿನಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ವಿಷ ಸೇವನೆ, ಮಲೇರಿಯಾ ಇಂಥ ಕಾರಣಗಳಿದ್ದವು. ಆದರೆ ಒಪ್ಪಿಗೆ ಪಡೆದ ರೀತಿಯಲ್ಲಿ ತಪ್ಪುಗಳಿದ್ದದ್ದು ನಿಜ. ಹಾಸ್ಟೆಲ್ ಮಕ್ಕಳ ಪರವಾಗಿ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಫಾರ್ವರ್ಡ್ ಸಾವನ್ನು ಹೇಳುತ್ತದೆ, ಕಾರಣವನ್ನು ಬಿಡುತ್ತದೆ. ಲಸಿಕೆಯ ಪರವಾಗಿ ಮಾತಾಡುವವರು ಹಲವು ಸಲ ಸಹಿಯ ವಿಷಯವನ್ನು ಬಿಡುತ್ತಾರೆ. ಎರಡೂ ಸರಿಯಲ್ಲ.

ಆ ತಡೆಯಿಂದ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಅದೇ ಸಮಯದಲ್ಲಿ ದೇಶದ ಬೇರೆಡೆ ಡಾ. ರೆಂಗಸ್ವಾಮಿ ಶಂಕರನಾರಾಯಣನ್ ಅವರ ನೇತೃತ್ವದಲ್ಲಿ ಇನ್ನೊಂದು ಅಧ್ಯಯನ ನಡೆಯುತ್ತಿತ್ತು. ಅಲ್ಲೂ ಲಸಿಕೆ ನಿಂತಿದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವರ್ಷಗಟ್ಟಲೆ ಅವರನ್ನು ಗಮನಿಸಿದಾಗ ಒಂದೇ ಡೋಸ್ ಕೂಡ ಎರಡು ಮೂರು ಡೋಸ್‌ಗಳಷ್ಟೇ ಕೆಲಸ ಮಾಡುತ್ತಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಸಾಕು ಎಂದು ಒಪ್ಪಿದಾಗ ಮುಂದಿದ್ದ ಪುರಾವೆಗಳಲ್ಲಿ ಇದೂ ಒಂದು.

ಲಸಿಕೆಗೆ ಒಳ್ಳೆಯ ವಯಸ್ಸು 9ರಿಂದ 14. ಸೋಂಕು ತಗುಲುವ ಮೊದಲೇ ಕೊಟ್ಟರೆ ಪೂರ್ತಿ ಫಲ ಎಂಬುದಷ್ಟೇ ಕಾರಣ, ಇದರಲ್ಲಿ ನಾಚಿಕೆಯ ಮಾತು ಏನೂ ಇಲ್ಲ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತೀರಲ್ಲ, ಅದೂ ಕ್ಯಾನ್ಸರ್ ತಡೆಯುವ ಲಸಿಕೆಯೇ. ಆ ವೈರಸ್ ಉಳಿದುಕೊಂಡರೆ ಮುಂದೆ ಯಕೃತ್ತಿನ ಕ್ಯಾನ್ಸರ್ ಆಗಬಹುದು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆ ಇದೆ. ಹೊಟ್ಟೆಯ ಕ್ಯಾನ್ಸರ್‌ಗೆ ದಾರಿ ಮಾಡುವ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್ ಇದೆ, ಡಾಕ್ಟರ್ ಹೇಳಿದರೆ ಮಾತ್ರ. ಪ್ರಪಂಚದ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಇಂಥ ಸೋಂಕುಗಳಿಂದ. ಉಳಿದ ಏಳಕ್ಕೆ ತಂಬಾಕು ಸೇರಿ ಬೇರೆ ಕಾರಣಗಳಿವೆ, ಎಲ್ಲವನ್ನೂ ವೈರಸ್ ತಲೆಗೆ ಕಟ್ಟಬೇಡಿ.

ಪ್ಯಾಪ್ ಇಲ್ಲದ ಊರಿನಲ್ಲಿ

ಪಾಪನಿಕೊಲಾವು ಅವರ ಪರೀಕ್ಷೆಗೆ ಸ್ಲೈಡ್ ಓದಲು ಬಲ್ಲವರು ಬೇಕು, ಲ್ಯಾಬ್ ಬೇಕು, ಫಲಿತಾಂಶಕ್ಕೆ ಮತ್ತೆ ಬರಬೇಕು. ಬಸ್ಸಿನ ಸಮಯ, ಕೂಲಿ, ಹಸುವಿನ ಹಾಲು ನೋಡಿಕೊಂಡು ಆಸ್ಪತ್ರೆಗೆ ಬರುವ ಹೆಂಗಸಿಗೆ ಎರಡನೇ ಸಲ ಬರುವುದೇ ಕಷ್ಟ. ಅದಕ್ಕೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಬೇರೊಂದು ಪರೀಕ್ಷೆ ಇಟ್ಟಿದ್ದಾರೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ತೆಳುವಾಗಿಸಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಫಲಿತಾಂಶ ಅಲ್ಲೇ, ಆಗಲೇ. ಇನ್ನೂ ನಿಖರವಾದದ್ದು ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ, ಇದಕ್ಕೆ ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿ ನಡೆಸಿದ ಅಧ್ಯಯನದಲ್ಲಿ, ಜೀವನದಲ್ಲಿ ಒಂದೇ ಒಂದು ಸಲ ಈ ಪರೀಕ್ಷೆ ಮಾಡಿದ್ದರಿಂದ ಎಂಟು ವರ್ಷದಲ್ಲಿ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು.

ಬೆಳ್ಳಗೆ ಕಂಡರೆ, ಪ್ಯಾಪ್‌ನಲ್ಲಿ ಏನೋ ಕಂಡರೆ ಅದು ಕ್ಯಾನ್ಸರ್ ಎಂದಲ್ಲ. ಹೆಚ್ಚಿನವರಿಗೆ ಆ ಜಾಗವನ್ನು ಶೀತದಿಂದ ಅಥವಾ ಬಿಸಿಯಿಂದ ಸುಟ್ಟರೆ ಮುಗಿಯಿತು, ಅದೇ ದಿನ ಮನೆಗೆ. ಬಿಳಿ ಮುಟ್ಟು ಹೋಗುತ್ತದೆ ಎಂದು ಹೋದವರಿಗೆ ಕ್ಯಾನ್ಸರ್ ಹೆದರಿಕೆ ಹುಟ್ಟಿಸಿ ಗರ್ಭಕೋಶವನ್ನೇ ತೆಗೆಸಿಕೊಳ್ಳಲು ಯಾರಾದರೂ ಹೇಳಿದರೆ ತಪಾಸಣೆಯ ಚೀಟಿ ಕೇಳಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಆದರೆ ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಬಂದರೆ, ವಾಸನೆಯ ಸ್ರಾವ ನಿಲ್ಲದಿದ್ದರೆ ಶಿಬಿರಕ್ಕೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ದೊಡ್ಡಾಸ್ಪತ್ರೆಗೋ ಬರೆದುಕೊಡುತ್ತಾರೆ.

ತಿ. ನರಸೀಪುರದ ಓದುಗರಿಗೆ ನಾವು ಕಳಿಸಿದ ಉತ್ತರ ಇಷ್ಟು. ನಿಮ್ಮ ಅತ್ತೆಯ ತಟ್ಟೆಯನ್ನು ಒಳಗೆ ತನ್ನಿ, ಎಲ್ಲರ ತಟ್ಟೆಯ ಜೊತೆ ತೊಳೆಯಿರಿ. ಈ ವೈರಸ್ ತಟ್ಟೆಯಿಂದ, ಎಂಜಲು ಲೋಟದಿಂದ, ಒಂದೇ ಚಾಪೆಯಲ್ಲಿ ಮಲಗುವುದರಿಂದ, ಸಂಗಮದಲ್ಲಿ ಒಟ್ಟಿಗೆ ಮೀಯುವುದರಿಂದ ಗರ್ಭಕಂಠಕ್ಕೆ ಬರುವುದಿಲ್ಲ. ನಿಮ್ಮ ವಯಸ್ಸು 38 ಎಂದಿದ್ದೀರಿ, ಇದುವರೆಗೆ ತಪಾಸಣೆ ಆಗಿಲ್ಲ ಎಂದಿದ್ದೀರಿ. ಅತ್ತೆಯನ್ನು ಮುಂದಿನ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಿಮ್ಮದನ್ನೂ ಮಾಡಿಸಿಕೊಳ್ಳಿ. ಮಗಳಿಗೆ ಹನ್ನೆರಡು, ಲಸಿಕೆಯ ವಯಸ್ಸು. ಸರ್ಕಾರದ ಲಸಿಕೆ ಶಾಲೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಯಾವಾಗ ಬರುತ್ತದೆ ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಯವರೆಗೆ ಅವಳು ಅಜ್ಜಿಯ ಪಕ್ಕದಲ್ಲೇ ಮಲಗಲಿ.